ಎಲೆಗೊಂದು ಜಾಗ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಬೆಳಗಿನ ಹೊತ್ತು. ಕೆಲವರು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಿರುತ್ತೀರಿ, ಕೆಲವರು ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ಈಗ ತಾನೇ ಒಳಗೆ ಬಂದಿರುತ್ತೀರಿ. ಒಂದು ಸಲ ಗೇಟಿನಾಚೆ ನೋಡಿ. ಬೀದಿ ತುಂಬ ಒಣ ಎಲೆ ಬಿದ್ದಿದೆ, ಅಲ್ವಾ? ಸಂಕ್ರಾಂತಿ ಕಳೆದು ಯುಗಾದಿ ಬರುವವರೆಗೂ ಬೆಂಗಳೂರಿನಲ್ಲಿ ಇದೇ ಕತೆ. ಹೊಂಗೆ ಉದುರುತ್ತದೆ, ಮಹಾಗನಿ ಉದುರುತ್ತದೆ, ಮಳೆಮರದ ಸಣ್ಣ ಎಲೆಯಂತೂ ಕಾರಿನ ಮೇಲೆಲ್ಲ ಉದುರುತ್ತದೆ. ಗುಡಿಸಿ ಅರ್ಧ ಗಂಟೆ ಆಗಿರುವುದಿಲ್ಲ, ಮತ್ತೆ ಅಷ್ಟೇ ಬಿದ್ದಿರುತ್ತದೆ.

ಇವತ್ತು ನಾನು ಹೇಳುವುದು ಒಂದೇ ಮಾತು. ಎಲೆಗೊಂದು ಜಾಗ ಕೊಡಿ. ಸುಡಬೇಡಿ ಅಂತ ಬೋರ್ಡು ಹಾಕಿದರೆ ಸಾಲದು, ಜಾಗ ಕೊಡಬೇಕು.

ಇದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ. ನಾನು ಮಣ್ಣಿನ ವಿಷಯ ಓದಿದವಳು, ಅದನ್ನೇ ಪಾಠ ಮಾಡಿದವಳು. ಜಯನಗರದಲ್ಲಿ ನಮ್ಮದೊಂದು ಪುಟ್ಟ ಪರಿಸರ ಬಳಗ ಇದೆ. ಒಂದು ಫೆಬ್ರವರಿಯ ಬೆಳಿಗ್ಗೆ ವಾಕಿಂಗ್ ಹೊರಟಾಗ ಮೂಲೆಯ ಹೊಂಗೆಮರದ ಬುಡದಲ್ಲೇ ಎಲೆ ಗುಡ್ಡೆಗೆ ಬೆಂಕಿ ಬಿದ್ದಿತ್ತು. ಇಬ್ಬನಿಗೆ ನೆನೆದ ಎಲೆ, ಉರಿಯುತ್ತಿರಲಿಲ್ಲ, ಸುಮ್ನೆ ಹೊಗೆಯಾಡುತ್ತಿತ್ತು. ಅದರೊಳಗೆ ಹಾಲಿನ ಕವರು, ಗುಟ್ಕಾ ಪಾಕೆಟ್ಟು. ಮರದ ತೊಗಟೆ ಮೊಣಕಾಲೆತ್ತರಕ್ಕೆ ಕರಕಲಾಗಿತ್ತು. ನನಗೆ ಸಿಟ್ಟು ಬಂತು. ಪಕ್ಕದಲ್ಲಿ ಪೊರಕೆ ಹಿಡಿದು ನಿಂತಿದ್ದ ಪೌರಕಾರ್ಮಿಕ ಹೆಣ್ಣುಮಗಳನ್ನು "ಯಾಕಮ್ಮ ಹೀಗೆ ಸುಡ್ತೀರ?" ಅಂತ ಜೋರಾಗಿಯೇ ಕೇಳಿದೆ. ಆಕೆ ಹೇಳಿದ್ದು ಇಷ್ಟು: "ಇನ್ನೇನ್ ಮಾಡ್ಲಿ ಮೇಡಂ? ಕಸದ ಗಾಡಿಯವ್ರು ಎಲೆ ತಗೊಳಲ್ಲ. ಮೂಟೆ ಕಟ್ಟಿಟ್ರೆ ಮೂರು ದಿನ ಇಲ್ಲೇ ಬಿದ್ದಿರತ್ತೆ. ಆಮೇಲೆ ನಿಮ್ಮೋರೇ ಕಂಪ್ಲೇಂಟ್ ಕೊಡ್ತಾರೆ. ನೀವೇ ಒಂದು ಜಾಗ ತೋರ್ಸಿ, ಅಲ್ಲಿ ಸುರೀತೀನಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಭಾನುವಾರವೇ ಬಳಗದವರು ಸೇರಿ ಪಾರ್ಕಿನ ಮೂಲೆಯಲ್ಲಿ ಜಾಗ ಕೇಳಿ ಪಡೆದೆವು. ಹಾರ್ಡ್‌ವೇರ್ ಅಂಗಡಿಯಿಂದ ತಂತಿ ಮೆಶ್ ತಂದೆವು. 10 ಅಡಿ ಉದ್ದ, 4 ಅಡಿ ಎತ್ತರದ ಮೆಶ್ಶನ್ನು ಸುತ್ತಿ ಕಟ್ಟಿದರೆ ಸುಮಾರು 3 ಅಡಿ ಅಗಲದ ತೊಟ್ಟಿ ಆಗುತ್ತದೆ, ಅಷ್ಟೇ ಕೆಲಸ. ಎರಡು ದಿನದಲ್ಲಿ ಎಲೆ ತುಂಬಿತು. ಆಮೇಲೆ ಒಂದು ತಿಂಗಳು ಏನೂ ಆಗಲಿಲ್ಲ! ಕೈಯಲ್ಲಿ ಹಿಡಿದರೆ ಎಲೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಹಾವು ಸೇರುತ್ತೆ ಅಂದರು ಒಬ್ಬರು, ಸೊಳ್ಳೆ ಆಗುತ್ತೆ ಅಂದರು ಇನ್ನೊಬ್ಬರು. ಕೊನೆಗೆ ಪಾರ್ಕಿಗೆ ದಿನಾ ಬರುವ ಮಾಗಡಿ ಕಡೆಯ ಒಬ್ಬ ಅಜ್ಜ ಬೆರಳಾಡಿಸಿ ನೋಡಿದರು. "ಇದೇನಮ್ಮ, ಸಗಣಿ ಇಲ್ಲ, ನೀರಿಲ್ಲ, ತಿಪ್ಪೆ ಅಂದ್ರೆ ಸುಮ್ನೆ ಆಗ್ತದಾ?" ಅಂದರು. ಅವರೇ ಹತ್ತಿರದ ಹಸು ಸಾಕುವವರ ಮನೆಯಿಂದ ಎರಡು ಬಕೆಟ್ ಸಗಣಿ ತರಿಸಿದರು. ತೊಟ್ಟಿ ಖಾಲಿ ಮಾಡಿ, ಒಂದು ಗೇಣು ಎಲೆ, ಮೇಲೆ ಸಗಣಿ ನೀರು, ಮತ್ತೆ ಎಲೆ, ಹೀಗೆ ತುಳಿದು ತುಳಿದು ತುಂಬಿಸಿದೆವು.

ನಾಲ್ಕನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ತೊಟ್ಟಿಯ ಮೇಲೆ ಹಬೆ ಏಳುತ್ತಿತ್ತು. ಬೆಂಕಿಯಲ್ಲ, ಹಬೆ. ಮೊಣಕೈವರೆಗೆ ಕೈ ಹಾಕಿದೆ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಷ್ಟು ಬಿಸಿ. ಆ ಹೆಣ್ಣುಮಗಳೂ ಕೈ ಹಾಕಿ "ಅಯ್ಯೋ ಸುಡ್ತೈತೆ!" ಅಂತ ಹಿಂದಕ್ಕೆ ಎಳೆದುಕೊಂಡಳು. ನಗು ತಡೆಯಲಾಗಲಿಲ್ಲ ಆಕೆಗೆ, ನನಗೂ. ಪಾಠದಲ್ಲಿ ನೂರು ಸಲ ಹೇಳಿದ್ದೆ, ಕಣ್ಣೆದುರು ಅಷ್ಟು ಚೆನ್ನಾಗಿ ಯಾವತ್ತೂ ನೋಡಿರಲಿಲ್ಲ.

ಆ ಬಿಸಿ ಯಾಕೆ? ಎಲೆ ತಿನ್ನುವ ಸೂಕ್ಷ್ಮಜೀವಿಗಳದ್ದು. ಒಳ್ಳೆಯ ತಿಪ್ಪೆಯ ಒಳಗೆ 50ರಿಂದ 60 ಡಿಗ್ರಿ ಇರುತ್ತದೆ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಅದು ಬರೀ ಅನ್ನದ ಹಾಗೆ, ಗಂಟಲಲ್ಲಿ ಇಳಿಯುವುದಿಲ್ಲ. ಸಗಣಿ ಅಂದರೆ ಸಾರು. ಸಗಣಿ ಸಿಗದಿದ್ದರೆ ಹುಳಿ ಮಜ್ಜಿಗೆ ಹಾಕಿ, ತರಕಾರಿ ಸಿಪ್ಪೆ ಹಾಕಿ. ಎಲೆ ಹಿಂಡಿದ ಬಟ್ಟೆಯಷ್ಟು ಒದ್ದೆ ಇರಲಿ. ವಾರಕ್ಕೊಮ್ಮೆ ಕೆದಕಿ. ನಾಲ್ಕು ತಿಂಗಳಿಗೆ, ಅಂದರೆ ಮುಂಗಾರು ಹಿಡಿಯುವ ಹೊತ್ತಿಗೆ, ಎದೆಮಟ್ಟದ ರಾಶಿ ಮೊಣಕಾಲಿಗೆ ಇಳಿದು ಕಪ್ಪು ಗೊಬ್ಬರ ಆಗಿತ್ತು. ಮೊದಲ ಮಳೆ ಬಿದ್ದ ನೆಲದ ವಾಸನೆ ಅದಕ್ಕೆ.

ಈಗ ಹೊಗೆಯ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಚಳಿಗಾಲದ ಬೆಳಿಗ್ಗೆ ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ, ಹೊಗೆ ಮೇಲೇರುವುದಿಲ್ಲ, ಮಕ್ಕಳ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಅದರ ಕಣ ಎಷ್ಟು ಸಣ್ಣದೆಂದರೆ ನೇರ ಶ್ವಾಸಕೋಶದ ತಳಕ್ಕೆ ಹೋಗುತ್ತದೆ. ಬೀದಿಯಲ್ಲಿ ಕಸ ಸುಡಬಾರದು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಹೇಳಿತ್ತು, ಅದೇ ವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 5,000 ರೂಪಾಯಿ ದಂಡವನ್ನೂ ಹೇಳಿತು. ಆದರೂ ಸುಡುತ್ತಾರೆ. ಗಾಳಿ ಕೆಟ್ಟುಹೋಯ್ತು ಅಂತ ವಾಟ್ಸಾಪ್‌ನಲ್ಲಿ ಬರೆಯುವವರು ದಯವಿಟ್ಟು ನಿಮ್ಮ ಗೇಟಿನ ಮುಂದಿನ ಎಲೆ ಎಲ್ಲಿಗೆ ಹೋಗುತ್ತದೆ ಅಂತ ಒಂದು ದಿನ ನೋಡಿ. ಜಾಗ ಇಲ್ಲದ್ದಕ್ಕೆ ಸುಡುತ್ತಾರೆ. ಜಾಗ ಕೊಡಿ.

ಈ ಮರಗಳು ಸುಮ್ನೆ ಬಂದಿದ್ದಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಈ ಊರಿನಲ್ಲಿ 15 ಲಕ್ಷ ಸಸಿ ನೆಟ್ಟರು. ಅಷ್ಟು ಕಷ್ಟಪಟ್ಟು ಬೆಳೆಸಿದ ಮರದ ಬುಡಕ್ಕೆ ಬೆಂಕಿ ಇಡುವುದು ನನಗೆ ಸಹಿಸಲಾಗದ ವಿಷಯ.

ನಮ್ಮ ಬಳಗದ ಬೇರೆ ಕೆಲಸಗಳ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಇಲ್ಲ. ಮದುವೆ, ನಾಮಕರಣಕ್ಕೆ ಸ್ಟೀಲ್ ತಟ್ಟೆ ಲೋಟ ಬಾಡಿಗೆ ಇಲ್ಲದೆ ಕೊಡುತ್ತೇವೆ, ತೊಳೆದು ವಾಪಸ್ ತಂದರೆ ಸಾಕು. ಗೌರಿ ಗಣೇಶಕ್ಕೆ ಮಕ್ಕಳ ಕೈಯಲ್ಲಿ ಬಣ್ಣವಿಲ್ಲದ ಮಣ್ಣಿನ ಗಣಪ ಮಾಡಿಸುತ್ತೇವೆ, ಮನೆಯ ಬಕೆಟ್ಟಿನಲ್ಲೇ ಬಿಡಬಹುದು. ತಿಂಗಳಿಗೊಮ್ಮೆ ಮರ ಗುರುತಿಸುವ ನಡಿಗೆ ಇದೆ.

ಭಾನುವಾರ ಬೆಳಿಗ್ಗೆ 7ಕ್ಕೆ ಎಲೆ ತುಂಬುವ ಕೆಲಸ. ತುಂಬುತೋಳಿನ ಅಂಗಿ ಹಾಕಿಕೊಳ್ಳಿ, ಮನೆಯಲ್ಲಿ ಹಳೆ ಗೋಣಿಚೀಲ ಇದ್ದರೆ ತನ್ನಿ. ನಿಮ್ಮ ಬಡಾವಣೆಯಲ್ಲೇ ಶುರು ಮಾಡುವುದಾದರೆ ಇನ್ನೂ ಸಂತೋಷ. ಆದರೆ ತೊಟ್ಟಿ ಎಲ್ಲಿಡಬೇಕು ಅಂತ ಅಸೋಸಿಯೇಷನ್ ಮೀಟಿಂಗಿನಲ್ಲಿ ತೀರ್ಮಾನ ಮಾಡುವ ಮೊದಲು, ನಿಮ್ಮ ಬೀದಿ ಗುಡಿಸುವವರನ್ನು ಕೇಳಿ. ಅವರ ಪೊರಕೆ ಎಲ್ಲಿ ನಿಲ್ಲುತ್ತದೋ ಅಲ್ಲೇ ಇಡಿ. ನಮಸ್ಕಾರ.