ನಾಲ್ಕು ಹಳಿ ಹಾಕಿದ ಊರಿನಲ್ಲಿ ಈಗ ಎರಡೇ ಯಾಕೆ?

ನ್ಯೂಯಾರ್ಕ್ ಸಬ್‌ವೇಯಲ್ಲಿ, ಅಂದರೆ ಅಲ್ಲಿನ ಮೆಟ್ರೋ ರೈಲಿನಲ್ಲಿ, ಮೊದಲ ದಿನವೇ ಬೇಸ್ತು ಬಿದ್ದವನು ನಾನು. ಹತ್ತಿದ್ದು ಟೈಮ್ಸ್ ಸ್ಕ್ವೇರ್‌ನಲ್ಲಿ, ಇಳಿಯಬೇಕಾಗಿದ್ದು 79ನೇ ಸ್ಟ್ರೀಟ್‌ನಲ್ಲಿ. ಮ್ಯಾಪ್‌ನಲ್ಲಿ 1, 2, 3 ಮೂರಕ್ಕೂ ಒಂದೇ ಕೆಂಪು ಬಣ್ಣ. ಯಾವುದಾದರೇನು ಅಂತ ಮೊದಲು ಬಂದ 2ನೇ ನಂಬರ್ ಹತ್ತಿಬಿಟ್ಟೆ. 72 ಬಂತು, ನಿಂತಿತು. ಮುಂದಿನದೇ ನಮ್ಮದು ಅಂತ ಬಾಗಿಲ ಹತ್ತಿರ ಹೋಗಿ ನಿಂತೆ. ಕಂಬಗಳ ಸಂದಿಯಲ್ಲಿ 79 ಅನ್ನೋ ಬೋರ್ಡ್ ಕಂಡಿತು, ಹಾಗೇ ಹಿಂದೆ ಹೋಯಿತು. ಆಮೇಲೆ 86ಕ್ಕೂ ಅದೇ ಗತಿ. ಕೊನೆಗೆ ಇಳಿದದ್ದು 96ರಲ್ಲಿ.

ಆಗಿದ್ದೇನು ಅಂದರೆ, 1 ಲೋಕಲ್, 2 ಮತ್ತು 3 ಎಕ್ಸ್‌ಪ್ರೆಸ್. ಒಂದೇ ಸುರಂಗದಲ್ಲಿ ನಾಲ್ಕು ಹಳಿ. ಹೊರಗಿನ ಎರಡರಲ್ಲಿ ಎಲ್ಲಾ ಕಡೆ ನಿಲ್ಲುವ ರೈಲು, ನಡುವಿನ ಎರಡರಲ್ಲಿ ದೊಡ್ಡ ಸ್ಟೇಷನ್‌ಗಳಲ್ಲಿ ಮಾತ್ರ ನಿಲ್ಲುವ ರೈಲು. 72ರಲ್ಲಿ ಇಳಿದು ಅದೇ ಪ್ಲಾಟ್‌ಫಾರ್ಮ್‌ನ ಆಚೆ ಬದಿಗೆ ನಾಲ್ಕು ಹೆಜ್ಜೆ ಹಾಕಿದ್ದರೆ ಲೋಕಲ್ ಸಿಗುತ್ತಿತ್ತು. ಮೆಟ್ಟಿಲು ಹತ್ತುವ ಕೆಲಸವೇ ಇರಲಿಲ್ಲ.

ಅವತ್ತು ಬೈದುಕೊಂಡೆ. ಈಗ ಕೇಳಿದರೆ, ಈ ಸಬ್‌ವೇಯಲ್ಲಿ ಹೊಗಳಬೇಕಾದ್ದು ಏನಾದರೂ ಇದ್ದರೆ ಆ ನಾಲ್ಕು ಹಳಿಯೇ ಅಂತೀನಿ. ಇಲಿ ಇವೆ, ಬೇಸಿಗೆಯಲ್ಲಿ ಪ್ಲಾಟ್‌ಫಾರ್ಮ್ ಒಲೆಯಂತೆ ಕಾಯುತ್ತದೆ, ಲಿಫ್ಟ್ ಇಲ್ಲದ ಸ್ಟೇಷನ್‌ಗಳೇ ಜಾಸ್ತಿ. ಎಲ್ಲಾ ನಿಜ.

ಆದರೆ ಕಾಲ ನೋಡಿ. ಅಗೆತ ಶುರುವಾಗಿದ್ದು 1900ರಲ್ಲಿ. 1904ರ ಅಕ್ಟೋಬರ್ 27ಕ್ಕೆ ರೈಲು ಓಡಿತು, ಟಿಕೆಟ್ 5 ಸೆಂಟ್. ಆ ದಿನ ಮೇಯರ್ ಜಾರ್ಜ್ ಮೆಕ್ಲೆಲನ್ ಶಾಸ್ತ್ರಕ್ಕೆ ಅಂತ ಹ್ಯಾಂಡಲ್ ಹಿಡಿದವರು ಬಿಡಲೇ ಇಲ್ಲವಂತೆ, ಸುಮಾರು ದೂರ ತಾವೇ ಓಡಿಸಿದರಂತೆ! ಮುಖ್ಯ ಎಂಜಿನಿಯರ್ ವಿಲಿಯಂ ಬಾರ್ಕ್ಲೇ ಪಾರ್ಸನ್ಸ್. ಮೊದಲ ಲೈನ್‌ನಲ್ಲೇ, 96ನೇ ಸ್ಟ್ರೀಟ್ ವರೆಗೂ ನಾಲ್ಕು ಹಳಿ ಹಾಕಿಸಿದರು.

ಇದರಿಂದ ಸಿಕ್ಕಿದ್ದು ವೇಗ ಮಾತ್ರ ಅಲ್ಲ. ಈ ಸಬ್‌ವೇ ರಾತ್ರಿಯಿಡೀ ಓಡುತ್ತದೆ. ಹಾಗಾದರೆ ರಿಪೇರಿ ಯಾವಾಗ? ಎರಡು ಹಳಿ ಮುಚ್ಚಿ ರೈಲನ್ನು ಪಕ್ಕದ ಎರಡಕ್ಕೆ ತಳ್ಳುತ್ತಾರೆ. ವಾರಾಂತ್ಯದಲ್ಲಿ ಕಂಬಕ್ಕೆ ಅಂಟಿಸಿದ ನೋಟಿಸ್ ಓದದೆ ಹತ್ತಿದರೆ ಎಕ್ಸ್‌ಪ್ರೆಸ್ ಲೋಕಲ್ ಆಗಿರುತ್ತದೆ, ಲೋಕಲ್ ಎಕ್ಸ್‌ಪ್ರೆಸ್ ಆಗಿರುತ್ತದೆ. ಕಿರಿಕಿರಿ ಹೌದು. ಆದರೆ ಊರು ನಿಲ್ಲುವುದಿಲ್ಲ, ಅಲ್ವಾ?

ನಂಬರ್ ರೈಲು, ಅಕ್ಷರದ ರೈಲು ಅಂತ ಎರಡು ಜಾತಿ ಇರುವುದೂ ಹಳೆಯ ಕಥೆಯೇ. ಮೊದಲು ಕಟ್ಟಿದ ಕಂಪನಿಯ ಸುರಂಗ ಕಿರಿದು, ಆಮೇಲೆ ಬಂದವರದು ಅಗಲ. 1940ರಲ್ಲಿ ನಗರ ಎಲ್ಲವನ್ನೂ ಒಂದು ಮಾಡಿತು, ಸುರಂಗವನ್ನು ಅಗಲ ಮಾಡಲಾಗಲಿಲ್ಲ. ಎ, ಸಿ, ಕ್ಯೂ ರೈಲಿನ ಬೋಗಿಗಳು ನಂಬರ್ ರೈಲಿನವಕ್ಕಿಂತ ಒಂದಡಿಗೂ ಜಾಸ್ತಿ ಅಗಲ. 2ನೇ ನಂಬರಿನ ಸುರಂಗಕ್ಕೆ ಅವು ನುಗ್ಗುವುದೇ ಇಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. 2017ರ ಜನವರಿ 1ರಂದು ಸೆಕೆಂಡ್ ಅವೆನ್ಯೂ ಲೈನ್ ತೆರೆಯಿತು. 1920ರ ದಶಕದಿಂದ ಮಾತಿನಲ್ಲೇ ಇದ್ದ ಲೈನ್ ಅದು. ಕೆಲಸಕ್ಕೆ ಹಿಡಿದದ್ದು ಸುಮಾರು 10 ವರ್ಷ, ಸಿಕ್ಕಿದ್ದು ಹೊಸ ಸ್ಟೇಷನ್ ಮೂರು, ಖರ್ಚು 400 ಕೋಟಿ ಡಾಲರ್‌ಗೂ ಮೇಲೆ. ಸ್ಟೇಷನ್‌ಗಳು ಚೆಂದ, ಎತ್ತರದ ಕಮಾನು, ತಂಪು ಗಾಳಿ. ಹಳಿ ಎಷ್ಟು? ಎರಡು.

ಕಾರಣ ಇಲ್ಲದೆ ಇಲ್ಲ. 1904ರಲ್ಲಿ ಬಹುಪಾಲು ರಸ್ತೆಯನ್ನೇ ಅಗೆದು, ಹಳಿ ಹಾಕಿ, ಮೇಲೆ ಮುಚ್ಚಿದರು. ಗುಂಡಿ ತೋಡಿದ ಮೇಲೆ ಇನ್ನೆರಡು ಹಳಿಗೆ ಜಾಗ ಮಾಡುವುದು ಅಷ್ಟೇನೂ ಕಷ್ಟವಲ್ಲ. ಈಗ ಆಳದ ಬಂಡೆಯಲ್ಲಿ ಯಂತ್ರ ಕೊರೆಯುತ್ತದೆ, ಒಂದೊಂದು ಹಳಿಗೂ ಒಂದೊಂದು ಕೊಳವೆ. ಆದರೂ ಒಪ್ಪಲು ಮನಸ್ಸು ಬರುವುದಿಲ್ಲ. ಒಂದು ಹಳಿ ಕೆಟ್ಟ ದಿನ ಈ ಲೈನ್‌ಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಎಕ್ಸ್‌ಪ್ರೆಸ್ ಅನ್ನುವ ಮಾತಂತೂ ಬಿಡಿ.

ಮುಂದಿನ ಹಂತ 125ನೇ ಸ್ಟ್ರೀಟ್ ವರೆಗೆ ಹೋಗಬೇಕು. ಪ್ಲಾನ್ ನೋಡಿದೆ. ಅದರಲ್ಲೂ ಎರಡೇ.