ಸರೋವರದ ದಡದಲ್ಲಿ ಒಂದೇ ಒಂದು ರೂಮು: ಮಾಲರ್ ಹುಡುಕ್ಕೊಂಡು ಹೋದ ದಿನ

ನಮಸ್ಕಾರ ಎಲ್ರಿಗೂ. ಈಗ ನೀವು ನೋಡ್ತಿರೋದು ಆಟರ್‌ಸೀ ಸರೋವರ, ಆಸ್ಟ್ರಿಯಾದಲ್ಲಿದೆ. ನೀರು ನಿಜವಾಗ್ಲೂ ಇದೇ ಬಣ್ಣ, ನಾನು ಎಡಿಟ್‌ನಲ್ಲಿ ಏನೂ ಮಾಡಿಲ್ಲ. ಹಿಂದ್ಗಡೆ ಗೋಡೆ ಥರ ನಿಂತಿರೋ ಬಂಡೆ ಬೆಟ್ಟ ಇದ್ಯಲ್ಲ, ಅದು ಹೊಲ್ಲೆನ್‌ಗೆಬಿರ್ಗೆ. ಊರಿನ ಹೆಸ್ರು ಸ್ಟೈನ್‌ಬಾಖ್, ರೈಲು ಇಳಿದು ಬಸ್ ಹಿಡಿದು ಬರ್ಬೇಕು. ಈಗ ಕ್ಯಾಮೆರಾ ಸ್ವಲ್ಪ ಎಡಕ್ಕೆ ತಿರುಗುತ್ತೆ ನೋಡಿ, ಕ್ಯಾಂಪಿಂಗ್ ಟೆಂಟುಗಳು, ಕಾರವಾನ್‌ಗಳು, ಅವುಗಳ ಮಧ್ಯೆ ನೀರಿನ ಹತ್ರ ಒಂದು ಪುಟ್ಟ ಬಿಳೀ ಕಟ್ಟಡ. ಪಂಪ್‌ಸೆಟ್ ಮನೆ ಇರುತ್ತಲ್ಲ ನಮ್ ಕಡೆ ತೋಟದಲ್ಲಿ, ಅದಕ್ಕಿಂತ ಒಂಚೂರು ದೊಡ್ದು ಅಷ್ಟೇ. ಒಂದೇ ರೂಮು. ಇಲ್ಲಿ ಕೂತು ಒಬ್ರು ಬರೆದ ಸಿಂಫನಿ, ಅಂದ್ರೆ ಹತ್ತಾರು ವಾದ್ಯ ಸೇರಿ ನುಡಿಸೋ ದೊಡ್ಡ ಕೃತಿ, ಅದನ್ನ ನುಡಿಸೋಕೆ ಹೆಚ್ಚುಕಮ್ಮಿ ನೂರು ನಿಮಿಷ ಬೇಕು.

ಗುಸ್ತಾವ್ ಮಾಲರ್. ಹೆಸ್ರು ಕೇಳಿಲ್ಲ ಅಂದ್ರೆ ಪರ್ವಾಗಿಲ್ಲ, ನನಗೂ ನಾಲ್ಕು ವರ್ಷದ ಹಿಂದೆ ಗೊತ್ತಿರ್ಲಿಲ್ಲ. ನಾನು ಚಿಕ್ಕೋನಾಗಿದ್ದಾಗ ಶಿವಮೊಗ್ಗದಲ್ಲಿ ಪಿಟೀಲು ಕಲ್ತಿದ್ದು, ವರ್ಣ ಕೃತಿ ಎಲ್ಲ ಆಗಿ ಆಮೇಲೆ ಇಂಜಿನಿಯರಿಂಗ್, ಕೆಲ್ಸ, ಮ್ಯೂನಿಕ್. ಪಿಟೀಲು ಪೆಟ್ಟಿಗೆ ಜೊತೇಲೇ ಬಂತು, ಆದ್ರೆ ತೆಗೆಯೋದು ವರ್ಷಕ್ಕೆ ನಾಲ್ಕು ಸಲ. ಆಫೀಸಲ್ಲಿ ಜೊತೆ ಕೆಲ್ಸ ಮಾಡೋ ಒಬ್ರು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸ್ತಾರೆ, ಅವ್ರು ಒಂದಿನ ಟಿಕೆಟ್ ಕೊಟ್ರು, ಮಾಲರ್ ಮೂರನೇ ಸಿಂಫನಿ. ಮಧ್ಯದಲ್ಲೊಂದು ಕಡೆ ವೇದಿಕೆ ಮೇಲಿರೋರೆಲ್ಲ ಹೆಚ್ಚುಕಮ್ಮಿ ಸುಮ್ನಾಗ್ತಾರೆ, ಹಾಲ್‌ನ ಹೊರಗೆಲ್ಲೋ ದೂರದಿಂದ ಒಂದು ಕೊಂಬಿನ ದನಿ ಬರುತ್ತೆ, ಹಳೇ ಕಾಲದ ಅಂಚೆ ಗಾಡಿಯವ್ರು ಊದ್ತಿದ್ರಂತಲ್ಲ ಆ ಪೋಸ್ಟ್‌ಹಾರ್ನ್, ಎಲ್ಲಿಂದ ಬರ್ತಿದೆ ಅಂತ ಗೊತ್ತಾಗಲ್ಲ, ಯಾರೂ ಕಾಣಲ್ಲ, ಬರೀ ದನಿ. ಅವತ್ತು ರಾತ್ರಿ ಮನೆಗೆ ಬಂದು ಪಿಟೀಲು ತೆಗ್ದೆ. ನುಡಿಸ್ಲಿಲ್ಲ, ಶ್ರುತಿ ಮಾಡಿ ಇಟ್ಟೆ.

ಆ ಸಿಂಫನಿ ಬರೆದಿದ್ದು ಇಲ್ಲೇ. 1893ರಿಂದ 96ರವರೆಗೆ ನಾಲ್ಕು ಬೇಸಿಗೆ ಮಾಲರ್ ಈ ಊರಿಗೆ ಬಂದ್ರು, ಈ ರೂಮು 1894ರಲ್ಲಿ ಕಟ್ಸಿದ್ದು. ಬೇಸಿಗೆ ಅಂದ್ರೆ ಇಲ್ಲಿ ಜೂನ್ ಜುಲೈ ಆಗಸ್ಟ್. ಯಾಕೆ ಬೇಸಿಗೇಲಿ ಮಾತ್ರ ಅಂದ್ರೆ ಮಿಕ್ಕ ಟೈಮಲ್ಲಿ ಅವ್ರಿಗೆ ನೌಕರಿ ಇತ್ತು. ಆಗ ಹ್ಯಾಂಬರ್ಗ್ ಒಪೆರಾ ಹೌಸಲ್ಲಿ ಮುಖ್ಯ ಕಂಡಕ್ಟರ್, ಆರ್ಕೆಸ್ಟ್ರಾ ಮುಂದೆ ನಿಂತು ನಡೆಸೋರು. ಒಪೆರಾ ಅಂದ್ರೆ ಹಾಡಿನಲ್ಲೇ ನಡೆಯೋ ನಾಟಕ. ರಿಹರ್ಸಲ್, ಸಂಜೆ ಶೋ, ಮತ್ತೆ ಮಾರನೇ ದಿನ ರಿಹರ್ಸಲ್. ಬೇಸಿಗೇಲಿ ಒಪೆರಾ ಹೌಸ್ ಬಾಗ್ಲು ಹಾಕ್ತಾರೆ, ಅದೇ ರಜೆ, ಆ ರಜೇಲೇ ಸಂಗೀತ ಬರೀಬೇಕು. ಬದುಕಿದ್ದಷ್ಟು ದಿನ ಜನ ಅವ್ರನ್ನ ಮೊದ್ಲು ಗುರುತಿಸಿದ್ದು ಕಂಡಕ್ಟರ್ ಅಂತ್ಲೇ.

ಈ ನೌಕರಿ ಸುಲಭವಾಗಿ ಸಿಕ್ಕಿದ್ದಲ್ಲ. ಹುಟ್ಟಿದ್ದು 1860ರಲ್ಲಿ ಬೊಹೀಮಿಯಾದ ಒಂದು ಸಣ್ಣ ಹಳ್ಳೀಲಿ, ಬೆಳೆದಿದ್ದು ಇಗ್ಲಾವ್ ಅನ್ನೋ ಊರಲ್ಲಿ, ಈಗ ಅದು ಚೆಕ್ ದೇಶದ ಯಿಹ್ಲಾವಾ. ಯಹೂದಿ ಕುಟುಂಬ. ಅಪ್ಪಂದು ಹೆಂಡದಂಗಡಿ. ತುಂಬಾ ಮಕ್ಳು, ಅದ್ರಲ್ಲಿ ಹಲವ್ರು ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ರು. ಊರಲ್ಲಿ ಸೈನ್ಯದ ಪಡೆ ಇತ್ತು, ಅವ್ರ ಬ್ಯಾಂಡು, ಅಂಗಡೀಲಿ ಹಾಡ್ತಿದ್ದ ಹಾಡುಗಳು, ಎಲ್ಲ ಕಿವಿಗೆ ಬಿತ್ತು, ಮುಂದೆ ಸಿಂಫನಿಗಳಲ್ಲಿ ಎಲ್ಲ ವಾಪಸ್ ಬಂತು. 15ನೇ ವಯಸ್ಸಿಗೆ ವಿಯೆನ್ನಾ ಕನ್ಸರ್ವೇಟರಿ. ಆಮೇಲೆ 1880ರಲ್ಲಿ ಬಾಡ್ ಹಾಲ್ ಅನ್ನೋ ಊರಿನ ಬೇಸಿಗೆ ಥಿಯೇಟರಲ್ಲಿ ಮೊದಲ್ನೇ ಕೆಲ್ಸ, ಅಲ್ಲಿಂದ ಲೈಬಾಖ್, ಓಲ್‌ಮುಟ್ಸ್, ಕಾಸೆಲ್, ಪ್ರಾಗ್, ಲೈಪ್‌ಸಿಗ್, ಬುಡಾಪೆಸ್ಟ್, ಹ್ಯಾಂಬರ್ಗ್. ಟ್ರಾನ್ಸ್‌ಫರ್ ಮೇಲೆ ಟ್ರಾನ್ಸ್‌ಫರ್ ಆಗೋ ಸರ್ಕಾರಿ ನೌಕರರ ಥರ, ಪ್ರತಿ ಊರೂ ಮೊದಲ್ನೇದಕ್ಕಿಂತ ಸ್ವಲ್ಪ ದೊಡ್ದು.

ಕಂಡಕ್ಟರ್ ಏನ್ ಮಾಡ್ತಾರೆ ಅಂತ ಅಮ್ಮ ಒಂದ್ಸಲ ಫೋನಲ್ಲಿ ಕೇಳಿದ್ರು, ಕೋಲು ಆಡಿಸೋದಕ್ಕೆ ಅಷ್ಟು ಮರ್ಯಾದೆ ಯಾಕೋ ಅಂತ. ನಮ್ ಕಚೇರೀಲಿ ಐದಾರು ಜನ ಇರ್ತಾರೆ, ಹಾಡೋರ ಮುಖ ನೋಡಿದ್ರೆ ಮೃದಂಗದೋರಿಗೆ ಗೊತ್ತಾಗುತ್ತೆ ಈಗ ಎಲ್ಲಿ ಮುಗಿಸ್ತಾರೆ ಅಂತ. ಇಲ್ಲಿ ನೂರು ಜನ, ಹಿಂದೆ ಕೂತ ಟ್ರಂಬೋನ್‌ನೋರಿಗೆ ಮುಂದಿನ ಪಿಟೀಲು ಸರಿಯಾಗಿ ಕೇಳೋದೇ ಇಲ್ಲ. ಯಾರು ಜೋರಾಗ್ಬೇಕು, ಯಾರು ತಗ್ಬೇಕು, ಕಾಲ ಎಷ್ಟು ಹಿಗ್ಗಬೇಕು, ಎಲ್ಲಿ ಉಸ್ರು ತಗೋಬೇಕು, ಇದನ್ನೆಲ್ಲ ಕೇಳಿಸ್ಕೊಂಡು ಸರಿಮಾಡೋ ಕಿವಿ ಒಂದು ಬೇಕು. ಕೋಲು ಕಾಣುತ್ತೆ, ಕಿವಿ ಕಾಣಲ್ಲ ಅಮ್ಮ ಅಂದೆ. ಮುಕ್ಕಾಲು ಪಾಲು ಕೆಲ್ಸ ರಿಹರ್ಸಲ್‌ನಲ್ಲೇ ಮುಗಿದಿರುತ್ತೆ.

ಇಲ್ಲಿಗೆ ಬರೋ ತನಕ ನಾನೂ ಹಂಗೇ ಅಂದ್ಕೊಂಡಿದ್ದೆ, ಪಾಪ ನೌಕರಿ ಈ ಮನುಷ್ಯನ ಟೈಮೆಲ್ಲ ತಿಂದ್ಹಾಕ್ತು, ಇಲ್ದಿದ್ರೆ ಇನ್ನೂ ಎಷ್ಟು ಬರೀತಿದ್ರೋ ಅಂತ. ಈಗ ಹಂಗನ್ಸಲ್ಲ. ಯಾಕೆ ಅಂತ ಒಂದು ಕಥೆ ಹೇಳ್ತೀನಿ. ಮೊದಲ್ನೇ ಸಿಂಫನಿ 1889ರ ನವೆಂಬರ್ 20, ಬುಡಾಪೆಸ್ಟ್, ಅವ್ರೇ ಕಂಡಕ್ಟ್ ಮಾಡಿದ್ರು, ಜನಕ್ಕೆ ಇಷ್ಟ ಆಗ್ಲಿಲ್ಲ. ಅದ್ರ ಶುರುವಿನಲ್ಲಿ ತಂತಿ ವಾದ್ಯಗಳೆಲ್ಲ ಒಂದೇ ಸ್ವರ ಹಿಡಿದು ನಿಂತ್ಕೊತಾವೆ, ಕೆಳಗಿನ ಸ್ಥಾಯಿಯಿಂದ ಮೇಲಿನವರೆಗೂ ಅದೇ ಸ್ವರ, ತಂಬೂರಿ ಥರ ಅನ್ನಿ. ಬೆಳಗಿನ ಜಾವದ ಗಾಳಿ ಥರ ಇರ್ಬೇಕು ಅದು. ಬುಡಾಪೆಸ್ಟಲ್ಲಿ ಆರ್ಕೆಸ್ಟ್ರಾ ಎದುರು ನಿಂತಾಗ ಗೊತ್ತಾಯ್ತು, ದನಿ ತುಂಬಾ ದಪ್ಪ ಆಯ್ತು, ಗಾಳಿ ಥರ ಇಲ್ಲ ಅಂತ. ಆಮೇಲೆ ಅದನ್ನ ಹಾರ್ಮೋನಿಕ್ಸ್‌ಗೆ ಬದಲಾಯಿಸಿದ್ರು, ತಂತಿ ಪೂರ್ತಿ ಒತ್ತದೆ ಬೆರಳು ಸುಮ್ನೆ ತಾಗಿಸಿ ನುಡಿಸೋದು, ಸಿಳ್ಳೆ ಥರ ತೆಳ್ಳಗೆ ಬರುತ್ತೆ. ಈಗ ನಾವು ಕೇಳೋದು ಅದನ್ನೇ. ಮೇಜಿನ ಮುಂದೆ ಕೂತವ್ರಿಗೆ ಇದು ಹೊಳೀತಿತ್ತಾ? ನನಗೆ ಅನುಮಾನ.

ಅದೇ ಸಿಂಫನಿ ಕೊನೇಲಿ ಹಾರ್ನ್ ಅನ್ನೋ ಕೊಂಬು ನುಡಿಸೋರೆಲ್ಲ ಎದ್ದು ನಿಂತು ನುಡಿಸ್ಬೇಕು ಅಂತ ಸ್ಕೋರಲ್ಲೇ, ಅಂದ್ರೆ ಸ್ವರ ಬರೆದ ಪುಸ್ತಕದಲ್ಲೇ, ಬರೆದಿದಾರೆ. ಎರಡ್ನೇದ್ರಲ್ಲಿ ಮೊದಲ ಭಾಗ ಮುಗಿದ್ಮೇಲೆ ಕಡಿಮೆ ಅಂದ್ರೂ ಐದು ನಿಮಿಷ ನಿಲ್ಸಿ ಅಂತ ಸೂಚನೆ. ಮೂರನೇದ್ರ ಕೊನೇಲಿ ಇಬ್ರು ಟಿಂಪನಿ, ನಗಾರಿ ಥರದ್ದು, ಒಟ್ಟಿಗೆ ಬಾರಿಸ್ತಾರೆ, ನೋಡೋಕೆ ಭೂಮಿ ಬಿರಿಯೋ ಹಾಗೆ ಬಾರಿಸ್ಬೇಕು ಅನ್ಸುತ್ತೆ, ಆದ್ರೆ ಅಲ್ಲಿ ಬರೆದಿರೋದು ಒರಟು ಬಲದಿಂದ ಬೇಡ, ತುಂಬಿದ, ಘನವಾದ ದನಿ ಇರ್ಲಿ ಅಂತ. ಮುಂದೆ ಯಾರೋ ಗೊತ್ತಿಲ್ದ ಕಂಡಕ್ಟರ್ ಇದನ್ನ ತೆಗೆದು ನೋಡ್ತಾರೆ, ಅವ್ರು ಎಲ್ಲಿ ತಪ್ತಾರೆ ಅಂತ ಈ ಕಂಡಕ್ಟರ್‌ಗೆ ಮೊದಲೇ ಗೊತ್ತು. ನನ್ ಗುರುಗಳು ನೋಟ್‌ಬುಕ್ ಅಂಚಲ್ಲಿ ಪೆನ್ಸಿಲಲ್ಲಿ ಬರೀತಿದ್ರು, ಇಲ್ಲಿ ಓಡ್ಬೇಡ, ಇಲ್ಲಿ ಓಡ್ಬೇಡ ಅಂತ. ಮಾಲರ್ ಸ್ಕೋರಲ್ಲೂ ಅದೇ ಮಾತು, ಅವಸರ ಬೇಡ, ಮತ್ತೆ ಮತ್ತೆ.

ಈಗ ಒಳಗಡೆ ಶಾಟ್. ಇಲ್ಲಿ ಅವ್ರ ಕಾಲದಲ್ಲಿ ಒಂದು ಪಿಯಾನೊ, ಮೇಜು, ಕುರ್ಚಿ, ಅಷ್ಟೇ. ನಾನು ಹೋದಾಗ ಬೇರೆ ಯಾರೂ ಇರ್ಲಿಲ್ಲ. ಕಿಟಕೀಲಿ ನೀರು, ಹೊರಗಡೆ ಮಕ್ಳು ಈಜಾಡ್ತಾ ಕಿರ್ಚೋ ಸದ್ದು, ನಾನು ಆ ಆಡಿಯೋ ಹಂಗೇ ಬಿಟ್ಟಿದೀನಿ. ಅವ್ರು ಹೋದ್ಮೇಲೆ ಈ ರೂಮನ್ನ ಬಟ್ಟೆ ಒಗೆಯೋದಕ್ಕೆ ಕೂಡ ಬಳಸಿದ್ರಂತೆ, 1980ರ ದಶಕದಲ್ಲಿ ರಿಪೇರಿ ಮಾಡಿ ಮತ್ತೆ ಮಾಲರ್ ರೂಮು ಅಂತ ಉಳಿಸ್ಕೊಂಡ್ರು.

1896ರಲ್ಲಿ ಮೂರನೇ ಸಿಂಫನಿಯ ಮೊದಲ ಭಾಗ ಮುಗಿಸ್ಬೇಕು ಅಂತ ಇಲ್ಲಿಗೆ ಬಂದ್ರೆ, ಅದ್ರ ಕರಡು ಹಾಳೆಗಳು ಹ್ಯಾಂಬರ್ಗ್‌ನಲ್ಲೇ ಮರ್ತು ಬಂದಿದ್ರು! ರಜೆ ಇರೋದೇ ಕೆಲವು ವಾರ. ಸ್ನೇಹಿತ್ರಿಗೆ ಹೇಳಿ ತರಿಸ್ಕೊಂಡ್ರು, ಅಲ್ಲೀವರೆಗೆ ಎಷ್ಟು ಚಡಪಡಿಸಿರ್ಬೇಕು. ಅದೇ ಬೇಸಿಗೇಲಿ ಬ್ರೂನೋ ವಾಲ್ಟರ್ ಬಂದ್ರು, ಆಗಿನ್ನೂ ಹತ್ತೊಂಬತ್ತರ ಹುಡುಗ, ಮುಂದೆ ದೊಡ್ಡ ಕಂಡಕ್ಟರ್ ಆದೋರು. ದೋಣಿ ಇಳಿದು ಆ ಬೆಟ್ಟ ನೋಡ್ತಾ ನಿಂತ್ರೆ ಮಾಲರ್ ಹೇಳಿದ್ರಂತೆ, ಅದನ್ನ ನೋಡೋದು ಬೇಕಿಲ್ಲ, ಅಷ್ಟನ್ನೂ ನಾನು ಸಂಗೀತಕ್ಕೆ ಹಾಕ್ಬಿಟ್ಟಿದೀನಿ ಅಂತ. ನಾನು ಅದೇ ಜಾಗದಲ್ಲಿ ನಿಂತು ಹೆಡ್‌ಫೋನಲ್ಲಿ ಮೊದಲ ಭಾಗ ಕೇಳ್ದೆ, ಎಂಟು ಹಾರ್ನ್ ಒಟ್ಟಿಗೆ ಶುರುವಾಗೋದು. ಬೆಟ್ಟ ನೋಡ್ದೆ ಇರೋಕೆ ನನ್ ಕೈಲಾಗ್ಲಿಲ್ಲ.

ಎರಡ್ನೇ ಸಿಂಫನಿದು ಬೇರೆ ಕಥೆ. ಹ್ಯಾಂಬರ್ಗಲ್ಲಿ ಹಾನ್ಸ್ ಫಾನ್ ಬ್ಯೂಲೋ ಅಂತ ಆ ಕಾಲದ ಅತಿ ದೊಡ್ಡ ಕಂಡಕ್ಟರ್, ಮಾಲರ್ ಕಂಡಕ್ಟ್ ಮಾಡೋದನ್ನ ಬಾಯ್ತುಂಬ ಹೊಗಳೋರು. ಸರಿ ಅಂತ ಇವ್ರು ತಾವು ಬರೆದಿದ್ದನ್ನ ಪಿಯಾನೊದಲ್ಲಿ ನುಡಿಸಿ ತೋರಿಸಿದ್ರೆ ಅವ್ರು ಕಿವಿ ಮುಚ್ಕೊಂಡ್ಬಿಟ್ರು. ಒಬ್ಬ ಹಿರಿಯರು, ನಾವು ಗೌರವಿಸೋರು, ನಿನ್ ನೌಕರಿ ಚೆನ್ನಾಗಿದೆ, ಈ ಬರವಣಿಗೆ ಮಾತ್ರ ಬೇಡ ಅಂದಂಗೆ. ಆ ಕೆಲ್ಸ ವರ್ಷಗಟ್ಲೆ ನಿಂತೋಯ್ತು. ವಿಚಿತ್ರ ಏನಂದ್ರೆ 1894ರಲ್ಲಿ ಬ್ಯೂಲೋ ತೀರ್ಕೊಂಡಾಗ ಅವ್ರ ಅಂತ್ಯಕ್ರಿಯೇಲಿ, ಚರ್ಚಲ್ಲಿ ಮಕ್ಳು ಹಾಡಿದ ಪುನರುತ್ಥಾನದ ಗೀತೆ ಕೇಳಿ ಮಾಲರ್‌ಗೆ ಕೊನೆ ಭಾಗ ಹೊಳೀತು. ಆ ಬೇಸಿಗೇಲೇ ಮುಗಿಸಿದ್ರು, ಇದೇ ರೂಮಲ್ಲಿ.

ಇಲ್ಲಿಂದ ವಿಯೆನ್ನಾ, ರೈಲಿನ ಶಾಟ್‌ಗಳು ಓಡ್ತಿರ್ಲಿ. 1897. ವಿಯೆನ್ನಾದ ರಾಜ ಒಪೆರಾ, ಅದಕ್ಕಿಂತ ದೊಡ್ಡ ಹುದ್ದೆ ಇರ್ಲಿಲ್ಲ, ಆದ್ರೆ ಯಹೂದಿಯಾಗಿದ್ರೆ ಆ ಬಾಗಿಲು ತೆರೆಯೋ ಹಾಗಿರ್ಲಿಲ್ಲ. ಫೆಬ್ರವರೀಲಿ ಕ್ಯಾಥೊಲಿಕ್ ಆದ್ರು, ಮೇ ತಿಂಗಳಲ್ಲಿ ಮೊದಲ ಶೋ ಮಾಡಿದ್ರು, ಅಕ್ಟೋಬರಲ್ಲಿ ಡೈರೆಕ್ಟರ್. ಮತ ಬದಲಾಯಿಸಿದ್ರೂ ಯಹೂದಿ ದ್ವೇಷದ ಪೇಪರ್‌ಗಳು ಬಿಡ್ಲಿಲ್ಲ, ಹತ್ತು ವರ್ಷವೂ ಬರೀತಾನೇ ಇದ್ರು. ಆ ಹತ್ತು ವರ್ಷದಲ್ಲಿ ಅವ್ರು ಮಾಡಿದ್ದು ನೋಡಿ: ದುಡ್ಡು ತಗೊಂಡು ಚಪ್ಪಾಳೆ ತಟ್ಟೋರನ್ನ ಹೊರಗಟ್ಟೋಕೆ ಹೋರಾಡಿದ್ರು, ತಡವಾಗಿ ಬಂದೋರನ್ನ ಶೋ ಶುರುವಾದ್ಮೇಲೆ ಒಳಗೆ ಬಿಡೋದು ನಿಲ್ಸಿದ್ರು, ಕತ್ತರಿಸಿ ಆಡ್ತಿದ್ದ, ವಾಗ್ನರ್ ಅನ್ನೋ ಜರ್ಮನ್ ಸಂಗೀತಗಾರ ಬರೆದ ಒಪೆರಾಗಳನ್ನ ಪೂರ್ತಿ ಆಡ್ಸಿದ್ರು. ಶಿಸ್ತು ಜಾಸ್ತಿ, ಕೋಪ ಜಾಸ್ತಿ, ವಾದ್ಯದೋರು ಕೆಲವ್ರು ದ್ವೇಷಿಸ್ತಿದ್ರು. ಈಗ ಸ್ಟಾಟ್ಸ್‌ಓಪರ್ ಅಂತಾರಲ್ಲ, ಅದೇ ಮನೆ, ರಸ್ತೆಯಾಚೆಯಿಂದ ತೆಗೆದಿದ್ದು ಇದು.

1902ರಲ್ಲಿ ಆಲ್ಮಾ ಜೊತೆ ಮದ್ವೆ. ಆಕೆ ಕೂಡ ಹಾಡು ಬರೀತಿದ್ರು. ಮದ್ವೆಗೆ ಮುಂಚೆ ಉದ್ದ ಕಾಗದ ಬರ್ದು, ಇನ್ಮೇಲೆ ನೀನು ಸಂಗೀತ ಬರೆಯೋದು ಬಿಡ್ಬೇಕು ಅಂದ್ರು ಮಾಲರ್. ಇದನ್ನ ಮುಚ್ಚಿಟ್ಟು ಹೇಳೋಕೆ ನನಗೆ ಇಷ್ಟ ಇಲ್ಲ. ತನ್ನ ಬರವಣಿಗೆಗೆ ಬೆಟ್ಟದ ಕೆಳಗೆ ಬೇರೆ ರೂಮೇ ಕಟ್ಸ್ಕೊಂಡೋರು ಹೆಂಡ್ತಿಯ ಬರವಣಿಗೆಗೆ ಒಂದು ಮೂಲೆನೂ ಬಿಡ್ಲಿಲ್ಲ, ಇದು ಅನ್ಯಾಯ. ಅವ್ರ ಸಂಗೀತವನ್ನ ನಾನು ಇಷ್ಟು ಪ್ರೀತಿಸೋದ್ರಿಂದ್ಲೇ ಇದು ಜಾಸ್ತಿ ಚುಚ್ಚುತ್ತೆ. 1910ರಲ್ಲಿ ಮದ್ವೆ ಮುರಿಯೋ ಹಂತಕ್ಕೆ ಬಂದಾಗ ಆಕೆಯ ಹಾಡುಗಳನ್ನ ತೆಗೆದು ನೋಡಿ, ಪ್ರಿಂಟ್ ಮಾಡ್ಸಿದ್ರು. ತಡವಾಗಿತ್ತು.

ವಿಯೆನ್ನಾ ಕಾಲದ ರೂಮು ಬೇರೆ, ವೊರ್ಥರ್‌ಸೀ ದಡದ ಮೈಯರ್‌ನಿಗ್‌ನಲ್ಲಿ, ಕಾಡೊಳಗೆ. ನಾನು ಇನ್ನೂ ಹೋಗಿಲ್ಲ. 1905ರಲ್ಲಿ ಏಳ್ನೇ ಸಿಂಫನಿ ಮುಂದಕ್ಕೆ ಹೋಗ್ದೆ ವಾರಗಟ್ಲೆ ಒದ್ದಾಡಿ, ಕೈಬಿಟ್ಟು, ವಾಪಸ್ ಬರೋವಾಗ ದೋಣಿ ಹತ್ತಿದ್ರು, ಹುಟ್ಟು ನೀರಿಗೆ ಬಿದ್ದ ಮೊದಲ ಏಟಿಗೇ ಮೊದಲ ಭಾಗದ ಲಯ ಸಿಕ್ತು ಅಂತ ಅವ್ರೇ ಆಮೇಲೆ ಆಲ್ಮಾಗೆ ಕಾಗದದಲ್ಲಿ ಹೇಳ್ತಾರೆ. ಅದೇ ಮೈಯರ್‌ನಿಗ್‌ನಲ್ಲಿ 1907ರ ಜುಲೈನಲ್ಲಿ ದೊಡ್ಡ ಮಗ್ಳು ಮರಿಯಾ ತೀರ್ಕೊಂಡ್ಳು. ಇನ್ನೂ ಐದು ತುಂಬಿರ್ಲಿಲ್ಲ. ಕೆಲವೇ ದಿನದಲ್ಲಿ ಡಾಕ್ಟ್ರು ಇವ್ರ ಹೃದಯದಲ್ಲಿ ದೋಷ ಇದೆ ಅಂದ್ರು. ಒಪೆರಾ ಬಿಡೋದು ಅದಕ್ಕೆ ಮುಂಚೆನೇ ನಿರ್ಧಾರ ಆಗಿತ್ತು. ಡಿಸೆಂಬರಲ್ಲಿ ಬೆಳಿಗ್ಗೆ ರೈಲ್ವೆ ಸ್ಟೇಷನ್‌ಗೆ ಜನ ಕಳಿಸ್ಕೊಡೋಕೆ ಬಂದಿದ್ರು, ರೈಲು ಹೊರಟಾಗ ಚಿತ್ರಕಾರ ಕ್ಲಿಮ್ಟ್ ಹೇಳಿದ್ದು ಒಂದೇ ಮಾತು, ಮುಗೀತು ಅಂತ.

ನ್ಯೂಯಾರ್ಕ್ ಬಗ್ಗೆ ಜಾಸ್ತಿ ಹೇಳಲ್ಲ. ಮೊದ್ಲು ಮೆಟ್ರೊಪಾಲಿಟನ್ ಒಪೆರಾ, ಆಮೇಲೆ 1909ರಿಂದ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್. ಚಳಿಗಾಲ ಅಲ್ಲಿ, ಬೇಸಿಗೆ ಮತ್ತೆ ಯೂರೋಪ್, ಟೊಬ್ಲಾಖ್ ಅನ್ನೋ ಊರಿನ ಹತ್ರ ಮೂರನೇ ರೂಮು, ಮರದ್ದು. 1910ರ ಸೆಪ್ಟೆಂಬರ್ 12ಕ್ಕೆ ಮ್ಯೂನಿಕ್‌ನಲ್ಲಿ ಎಂಟನೇ ಸಿಂಫನಿ, ಹಾಡೋರು ನುಡಿಸೋರು ಸೇರಿ ಸಾವಿರದ ಮೇಲೆ ಜನ, ಅದೊಂದು ರಾತ್ರಿ ಜನ ಅವ್ರನ್ನ ಎದೆಗೆ ತಗೊಂಡ್ರು. ಐದು ತಿಂಗಳ ಮೇಲೆ, 1911ರ ಫೆಬ್ರವರಿ 21, ಕಾರ್ನೆಗೀ ಹಾಲ್‌ನಲ್ಲಿ ಜ್ವರ ಇಟ್ಕೊಂಡೇ ಕಂಡಕ್ಟ್ ಮಾಡಿದ್ರು, ಅದೇ ಕೊನೆ. ಹೃದಯಕ್ಕೆ ಬ್ಯಾಕ್ಟೀರಿಯಾ ಸೋಂಕು, ಆಗಿನ್ನೂ ಆಂಟಿಬಯೋಟಿಕ್ ಇಲ್ಲ. ಮೇ 18ಕ್ಕೆ ವಿಯೆನ್ನಾದಲ್ಲಿ ತೀರ್ಕೊಂಡ್ರು, ಐವತ್ತು ವರ್ಷ.

ಇದು ಗ್ರಿನ್‌ಸಿಂಗ್ ಸ್ಮಶಾನ, ವಿಯೆನ್ನಾದ ಅಂಚಲ್ಲಿ, ದ್ರಾಕ್ಷಿ ತೋಟಗಳ ಕಡೆ. ಕಲ್ಲಿನ ಮೇಲೆ ಗುಸ್ತಾವ್ ಮಾಲರ್ ಅಂತ ಅಷ್ಟೇ, ಇಸವಿ ಇಲ್ಲ, ಬಿರುದಿಲ್ಲ. ಮಗಳನ್ನೂ ಇಲ್ಲೇ ಮಲಗ್ಸಿದಾರೆ. ಇದೇ ಸ್ಮಶಾನದಲ್ಲಿ ಅವ್ರ ತಂಗಿ ಜಸ್ಟೀನ್ ಮತ್ತೆ ಭಾವ ಆರ್ನಾಲ್ಡ್ ರೋಸೇ ಇದಾರೆ. ರೋಸೇ ದಶಕಗಟ್ಲೆ ವಿಯೆನ್ನಾ ಫಿಲ್‌ಹಾರ್ಮೊನಿಕ್‌ನ ಮೊದಲ ಪಿಟೀಲು, 1938ರಲ್ಲಿ ನಾಜಿಗಳು ಬಂದಾಗ ಅವ್ರನ್ನ ಹೊರಗೆ ಹಾಕಿದ್ರು, ಲಂಡನ್‌ನಲ್ಲಿ ಸತ್ರು. ರೋಸೇ ಮಗಳು ಆಲ್ಮಾ ರೋಸೇ, ಅವಳೂ ಪಿಟೀಲು ವಾದಕಿ, ನಾಜಿಗಳ ಆಶ್ವಿಟ್ಸ್ ಸೆರೆ ಶಿಬಿರದಲ್ಲಿ ಕೈದಿ ಹೆಂಗಸರ ಆರ್ಕೆಸ್ಟ್ರಾ ನಡೆಸಿ ಅಲ್ಲೇ ತೀರ್ಕೊಂಡ್ಳು. ಮಾಲರ್ ಸಂಗೀತವನ್ನೂ ನಾಜಿಗಳು ನಿಷೇಧಿಸಿದ್ರು.

ಒಂದೇ ಒಂದು ವಿಷ್ಯ ಹೇಳಿ ಕ್ಯಾಮೆರಾ ಆಫ್ ಮಾಡ್ತೀನಿ. ಒಂದರಿಂದ ಎಂಟನೇ ಸಿಂಫನಿವರೆಗೆ ಎಲ್ಲದರ ಮೊದಲ ಪ್ರದರ್ಶನವನ್ನೂ ಮಾಲರ್ ಅವ್ರೇ ಕಂಡಕ್ಟ್ ಮಾಡಿದ್ದು. ರಿಹರ್ಸಲ್‌ನಲ್ಲಿ ಕೇಳೋದು, ತಿದ್ದೋದು, ಮತ್ತೆ ಕೇಳೋದು. ಐದನೇದನ್ನಂತೂ 1904ರಿಂದ ಸಾಯೋ ವರ್ಷದವರೆಗೂ ತಿದ್ದಿದ್ರು, ಆಗ ಹೊಸಬನ ಥರ ಹೇಗೆ ಬರೆದೆ ಅಂತ ಅರ್ಥಾನೇ ಆಗ್ತಿಲ್ಲ ಅಂತ ಕಾಗದದಲ್ಲಿ ಬರೀತಾರೆ. ಎಂಟನೇದಾದ್ಮೇಲೆ ಬಂದ 'ಡಾಸ್ ಲೀಡ್ ಫಾನ್ ಡೆರ್ ಎರ್ಡೆ', ಭೂಮಿಯ ಹಾಡು ಅಂತ, ಮತ್ತೆ ಒಂಬತ್ತನೇ ಸಿಂಫನಿ, ಇವೆರಡೂ ಅವ್ರ ಕಿವಿಗೆ ಬೀಳ್ಲೇ ಇಲ್ಲ. ಅವ್ರು ಹೋದ್ಮೇಲೆ ಎರಡನ್ನೂ ಮೊದಲ ಸಲ ನುಡಿಸಿದ್ದು ಬ್ರೂನೋ ವಾಲ್ಟರ್, ಅದೇ ಆಟರ್‌ಸೀ ದಡದಲ್ಲಿ ಬೆಟ್ಟ ನೋಡ್ತಾ ನಿಂತಿದ್ದ ಹುಡುಗ. ಒಂಬತ್ತನೇದು ಕೊನೇ ಪುಟದಲ್ಲಿ ಬರೀ ತಂತಿ ವಾದ್ಯ, ಮೆಲ್ಲ ಮೆಲ್ಲಗೆ ಕರಗೋದು. ಕಂಡಕ್ಟರ್ ಮಾಲರ್ ಆರ್ಕೆಸ್ಟ್ರಾ ಎದುರು ನಿಂತು ಅದನ್ನ ಕೇಳಿದ್ದಿದ್ರೆ ಏನು ತಿದ್ದುತ್ತಿದ್ರೋ. ಬಹುಶಃ ಇನ್ನೂ ತೆಳ್ಳಗೆ ಮಾಡ್ತಿದ್ರು, ಬುಡಾಪೆಸ್ಟ್ ಆದ್ಮೇಲೆ ಮಾಡಿದ್ರಲ್ಲ, ಹಂಗೆ.