ರೈಲಿಲ್ಲದ ಜಿಲ್ಲೆಯ ರೈಲ್ವೆ ಮಂತ್ರಿ: ಒಂದೇ ಅವಧಿಯ ಲೆಕ್ಕ

ಕೇಳುಗರಿಗೆ ನಮಸ್ಕಾರ. ಒಂದೇ ಅವಧಿಗೆ ಲೋಕಸಭೆಗೆ ಹೋದ ಸಂಸದರ ಕೈಯಲ್ಲಿ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಇವತ್ತಿನ ಮಾತು.

ಕೊಡಗಿನಲ್ಲಿ ಇವತ್ತಿಗೂ ಒಂದು ರೈಲು ನಿಲ್ದಾಣ ಇಲ್ಲ. ಆದರೂ 1967ರಿಂದ 1969ರ ಫೆಬ್ರವರಿಯವರೆಗೆ ದೇಶದ ರೈಲ್ವೆ ಖಾತೆ ಕೊಡಗಿನವರಾದ ಸಿ.ಎಂ. ಪೂಣಚ್ಚನವರ ಕೈಯಲ್ಲಿತ್ತು. "ಮಂತ್ರಿಯಾಗಿ ಊರಿಗೊಂದು ಹಳಿ ತರಲಿಲ್ಲವಲ್ಲ" ಎಂದು ನಗುವವರಿದ್ದಾರೆ. ನಗಲಿ, ಆದರೆ ಎರಡು ವರ್ಷ ಅಂದರೆ ಎಷ್ಟು ಎಂಬುದನ್ನೂ ನೋಡಬೇಕು. ಪಕ್ಕದ ಹಾಸನ–ಮಂಗಳೂರು ಮಾರ್ಗದ ಕೆಲಸ 1960ರ ದಶಕದಲ್ಲೇ ಶುರುವಾದರೂ ಮಾರ್ಗ ಪೂರ್ತಿಯಾಗಿದ್ದು 1979ರಲ್ಲಿ. ಘಟ್ಟದಲ್ಲಿ ಹಳಿ ಹಾಕುವುದು ಮಂತ್ರಿಯ ಅವಧಿ ನೋಡಿಕೊಂಡು ಮುಗಿಯುವ ಕೆಲಸವಲ್ಲ.

ಪೂಣಚ್ಚನವರದು ಉದ್ದದ ರಾಜಕೀಯ ಬದುಕು. ಸಂವಿಧಾನ ರಚನಾ ಸಭೆಯಲ್ಲಿ ಕೊಡಗಿಗಿದ್ದ ಒಂದೇ ಸ್ಥಾನದಲ್ಲಿ ಕೂತವರು ಅವರು. 1952ರಿಂದ 1956ರವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿ. ಆಮೇಲೆ ರಾಜ್ಯಸಭೆ, ಕೊನೆಗೆ ಮಧ್ಯಪ್ರದೇಶ ಮತ್ತು ಒಡಿಶಾದ ರಾಜ್ಯಪಾಲರ ಹುದ್ದೆ. ಇಷ್ಟೆಲ್ಲದರ ನಡುವೆ ಲೋಕಸಭೆಗೆ ಅವರು ಗೆದ್ದದ್ದು ಒಂದೇ ಸಲ, 1967ರಲ್ಲಿ, ಅದೂ ಮಂಗಳೂರು ಕ್ಷೇತ್ರದಿಂದ. ಆ ಒಂದು ಅವಧಿಯೂ ಪೂರ್ತಿ ಸಿಗಲಿಲ್ಲ. 1970ರ ಡಿಸೆಂಬರ್ 27ರಂದು ಲೋಕಸಭೆ ವಿಸರ್ಜನೆಯಾಯಿತು. ಐದು ವರ್ಷಕ್ಕೆ ಆರಿಸಿಹೋದವರಿಗೆ ದಕ್ಕಿದ್ದು ನಾಲ್ಕು ವರ್ಷಕ್ಕೂ ಕಡಿಮೆ.

ಅವರಿಗಿಂತ ಹಿಂದಿನವರ ಕತೆ ಇನ್ನೂ ವಿಚಿತ್ರ. 1952ರ ಮೊದಲ ಚುನಾವಣೆಯಲ್ಲಿ ಕೊಡಗಿಗೇ ಅಂತ ಒಂದು ಲೋಕಸಭಾ ಕ್ಷೇತ್ರವಿತ್ತು. ಅಲ್ಲಿಂದ ಗೆದ್ದವರು ಕಾಂಗ್ರೆಸ್ಸಿನ ನಿಡ್ಯಮಲೆ ಸೋಮಣ್ಣನವರು. (ರಾಜ್ಯಸಭೆಯಲ್ಲಂತೂ ಎಲ್ಲಿಯದೋ ಅಜ್ಮೀರಕ್ಕೂ ನಮಗೂ ಸೇರಿ ಒಂದೇ ಕುರ್ಚಿ!) 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಮುಂದಿನ ಚುನಾವಣೆಯ ಹೊತ್ತಿಗೆ ಆ ಕ್ಷೇತ್ರವೇ ಇರಲಿಲ್ಲ. ಸೋಮಣ್ಣನವರಂಥ ಸದಸ್ಯರಿಗೆ ಮರಳಿ ನಿಲ್ಲಲು ತಮ್ಮದೇ ಕ್ಷೇತ್ರ ಉಳಿಯಲಿಲ್ಲ. ಮುಂದೆ ಕೊಡಗು ಮಂಗಳೂರಿನ ಜತೆಗಿತ್ತು, 2009ರಿಂದ ಮೈಸೂರಿನ ಜತೆ. ಹೊಸ ಕ್ಷೇತ್ರದ ಮೊದಲ ಸಂಸದ ಅಡಗೂರು ಎಚ್. ವಿಶ್ವನಾಥ್ ಅವರೂ ಲೋಕಸಭೆಯಲ್ಲಿದ್ದದ್ದು ಒಂದೇ ಅವಧಿ, 2014ರವರೆಗೆ.

ಸರಿ, ಒಂದು ಅವಧಿಯಲ್ಲಿ ಕೈಗೆ ಏನು ಸಿಗುತ್ತದೆ? ಮೊದಲನೆಯದು ಪ್ರಶ್ನೆ. ಕನಿಷ್ಠ 15 ದಿನ ಮೊದಲು ನೋಟಿಸ್ ಕೊಡಬೇಕು. ಬಂದ ನೋಟಿಸುಗಳಲ್ಲಿ ಚೀಟಿ ಎತ್ತಿ, ದಿನಕ್ಕೆ 20 ಚುಕ್ಕೆ ಗುರುತಿನ, ಅಂದರೆ ಸದನದಲ್ಲೇ ಬಾಯಿಮಾತಿನ ಉತ್ತರ ಕೇಳುವ ಪ್ರಶ್ನೆ, 230 ಲಿಖಿತ ಉತ್ತರದ ಪ್ರಶ್ನೆ ಪಟ್ಟಿಗೆ ಬರುತ್ತವೆ. ಹೊಸಬರು ಎಡವುವುದು ಇಲ್ಲೇ. ಕಾಫಿ ಬೆಳೆ ತೋಟದ್ದಲ್ಲವೇ ಎಂದು ಕೃಷಿ ಸಚಿವಾಲಯಕ್ಕೆ ಬರೆದರೆ ಗುರಿ ತಪ್ಪಿದಂತೆ. ಕಾಫಿ ಮಂಡಳಿ ಇರುವುದು ವಾಣಿಜ್ಯ ಸಚಿವಾಲಯದ ಕೆಳಗೆ, ಸಾಂಬಾರ ಮಂಡಳಿಯೂ ಅಲ್ಲೇ. ಒಂದೊಂದು ಸಚಿವಾಲಯದ ಉತ್ತರಕ್ಕೆ ವಾರದಲ್ಲಿ ಇಂಥ ದಿನ ಎಂದು ಗೊತ್ತಾಗಿರುವುದರಿಂದ ಗುರಿ ತಪ್ಪಿದ ಪ್ರಶ್ನೆ ಕಾಯಬೇಕಾಗುತ್ತದೆ. ಇನ್ನು ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯದ ಹಿಡುವಳಿ ಜಮೀನು) ದಾಖಲೆ ಎಂದು ಕೇಳಿದರೆ, ಅದು ರಾಜ್ಯದ ಕಂದಾಯ ಇಲಾಖೆಯ ವಿಷಯ, ಸದನದ ಒಳಗೇ ಬರುವುದಿಲ್ಲ. ಊರಲ್ಲಿ ಮತ ಕೇಳುವಾಗ ಕೊಟ್ಟ ಮಾತಿನಲ್ಲಿ ಅರ್ಧ ಇಂಥವೇ ಇರುತ್ತವೆ!

ಖಾಸಗಿ ಮಸೂದೆಯ, ಅಂದರೆ ಮಂತ್ರಿಯಲ್ಲದ ಸದಸ್ಯರು ತಾವೇ ಮಂಡಿಸುವ ಮಸೂದೆಯ ಆಸೆ ಬೇಡ. ಸ್ವಾತಂತ್ರ್ಯಾನಂತರ ಅಂಥವು ಕಾನೂನಾಗಿರುವುದು 14 ಮಾತ್ರ, ಕೊನೆಯದು 1970ರಲ್ಲಿ.

ಎರಡನೆಯದು ಸಂಸದರ ಪ್ರದೇಶಾಭಿವೃದ್ಧಿ ನಿಧಿ. ಇದು ಶುರುವಾದದ್ದು 1993ರ ಡಿಸೆಂಬರಿನಲ್ಲಿ, ಸೋಮಣ್ಣನವರಿಗೂ ಪೂಣಚ್ಚನವರಿಗೂ ಇರಲಿಲ್ಲ. 2011–12ರಿಂದ ವರ್ಷಕ್ಕೆ 5 ಕೋಟಿ, ಅದಕ್ಕೆ ಮೊದಲು 2 ಕೋಟಿ. ಹಾಗಾಗಿ 2009ರಲ್ಲಿ ಗೆದ್ದವರಿಗೆ ಐದು ವರ್ಷಕ್ಕೆ ಒಟ್ಟು 19 ಕೋಟಿಯ ಅರ್ಹತೆ. ಮೈಸೂರು ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರ, ಅವುಗಳಲ್ಲಿ ಕೊಡಗಿನವು ಮಡಿಕೇರಿ, ವಿರಾಜಪೇಟೆ ಎರಡೇ. ಸಮ ಹಂಚಿದರೂ ಈ ಎರಡಕ್ಕೆ ಬರುವುದು 4.75 ಕೋಟಿ, ಅದೂ ಐದು ವರ್ಷಕ್ಕೆ. ದುಡ್ಡು ಸಂಸದರ ಕೈಗೆ ಬರುವುದೂ ಇಲ್ಲ. ಅವರು ಶಿಫಾರಸು ಪತ್ರ ಬರೆಯುತ್ತಾರೆ, ಅಂದಾಜು ಪಟ್ಟಿ ತಯಾರಾಗುತ್ತದೆ, ಜಿಲ್ಲಾಡಳಿತ ಮಂಜೂರು ಮಾಡುತ್ತದೆ. ಪೈಸಾರಿಯೋ (ಸರ್ಕಾರಿ ಪಾಳು ಜಮೀನು) ಅರಣ್ಯವೋ ಎಂಬ ತಕರಾರಿರುವ ಜಾಗದಲ್ಲಿ ಸಮುದಾಯ ಭವನ ಕಟ್ಟಲು ಹೊರಟರೆ ಕಡತ ಅಲ್ಲೇ ನಿಲ್ಲುತ್ತದೆ. ಶಿಫಾರಸಿಗೆ ಮೊದಲೇ ಜಾಗದ ಆರ್‌ಟಿಸಿ ತರಿಸಿ ನೋಡುವ ಸಂಸದರಿಗೆ ಅರ್ಧ ತಲೆನೋವು ಕಡಿಮೆ.

ನಿವೃತ್ತಿ ವೇತನದ ಬಗ್ಗೆ ಕೇಳುವವರಿಗೆ: 2023ರ ಏಪ್ರಿಲ್‌ನಿಂದ ತಿಂಗಳಿಗೆ 31,000 ರೂಪಾಯಿ, ಒಂದೇ ಅವಧಿಯವರಿಗೂ. ಐದು ವರ್ಷ ಮೀರಿದ ಪ್ರತಿ ವರ್ಷಕ್ಕೆ 2,500 ಹೆಚ್ಚು.

ಕೊಡಗಿನ ಕಾಮಗಾರಿಗೆ ಇನ್ನೊಂದು ಯಜಮಾನನಿದ್ದಾನೆ, ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಾಂಬರು ಹಾಕುವಂತಿಲ್ಲ, ಅಡಿಪಾಯ ತೋಡುವಂತಿಲ್ಲ. ಈಗೀಗ ಲೋಕಸಭೆ ಚುನಾವಣೆಯ ಫಲಿತಾಂಶ ಬರುವುದು ಮೇ ತಿಂಗಳಲ್ಲೋ ಜೂನ್‌ನಲ್ಲೋ. ಪ್ರಮಾಣ ವಚನ ಮುಗಿಸಿ ಊರಿಗೆ ಬಂದರೆ ಮುಂಗಾರು. ಐದನೆಯ ವರ್ಷ ಮಾರ್ಚ್ ಬಂತೆಂದರೆ ನೀತಿ ಸಂಹಿತೆ, ಹೊಸ ಮಂಜೂರಾತಿ ಬಂದ್. ಐದು ಬೇಸಿಗೆಗಳಲ್ಲಿ ಕೊನೆಯದು ಹೀಗೆ ಅರ್ಧಕ್ಕೇ ಕೈಬಿಡುತ್ತದೆ, ಮೊದಲನೆಯದು ಕಡತ ಓಡಾಡುವುದರಲ್ಲೇ ಸವೆಯುತ್ತದೆ. ನಡುವೆ ಉಳಿದ ಮೂರು ಬೇಸಿಗೆಯ ಕೆಲಸ ನೋಡಬೇಕೆಂದರೆ ಊರಿನ ಸೇತುವೆ, ಬಸ್ ತಂಗುದಾಣಗಳ ಗೋಡೆಯ ಮೇಲಿನ ವರ್ಷ ಓದಿ. ಖರ್ಚಾಗದೆ ಉಳಿದ ಹಣ ಅದೇ ಕ್ಷೇತ್ರದಿಂದ ಮುಂದೆ ಗೆದ್ದು ಬರುವವರ ಲೆಕ್ಕಕ್ಕೆ ಸೇರುತ್ತದೆ.

ನಮಸ್ಕಾರ.